ಏಳು ಬಾವಿಗಳ ನಮೂದು

ವಿಶ್ವಕೋಶದ ಜೆರಾಕ್ಸ್ ಪುಟದ ಕೊನೆಯ ಸಾಲಿನ ಮೇಲೆ ಸಂಶೋಧನಾ ವಿದ್ಯಾರ್ಥಿನಿ ಪೂನಂ ಬೆರಳಿಟ್ಟಳು. “ಸರ್, ಇದನ್ನ ಬರದವರ ಹೆಸರೇ ಇಲ್ರಿ. ಹೆಸರಿಲ್ಲದ ಉಲ್ಲೇಖ ನಡ್ಯಂಗಿಲ್ಲ ಅಂತ ನಮ್ಮ ಗೈಡ್ ಮೂರು ಸಲ ಅಧ್ಯಾಯ ವಾಪಸ್ ಕೊಟ್ಟಾರ. ಹುಮನಾಬಾದದಿಂದ ಬಸವಕಲ್ಯಾಣಕ್ಕ ಓಡಾಡಿ ಸಾಕಾಗ್ಯದ. ಯಾರು ಬರದಾರ, ನಿಮಗೇನಾರ ಗೊತ್ತದ ಏನ್ರಿ?”

ನಿವೃತ್ತ ಮಾಸ್ತರ ಬಸವಣಪ್ಪನವರು ಮೂವತ್ತು ವರ್ಷ ಈ ಒಂದೇ ಪ್ರಶ್ನೆಗೆ ಕಾದಿದ್ದರು. ಅವರ ಬದಲು ಕೋಟೆಯ ಬುರುಜು ಕಾದಿದ್ದರೆ ಎಂದೋ ಕುಸಿದು ಮಣ್ಣಾಗಿರುತ್ತಿತ್ತು. ಒಂದು ಊರಿನ ಹಳೆಯ ಬಾವಿಗಳ ಮೇಲಿನ ಆ ನಮೂದು ಅವರದೇ. ಅಚ್ಚಾಗುವಾಗ ಹೆಸರು ಬಿಟ್ಟುಹೋಗಿತ್ತು. ತಾವು ಬರೆದದ್ದು ಎಂದರೆ ಹೆಂಡತಿ ಲಲಿತಾಬಾಯಿಯೇ ನಂಬಿರಲಿಲ್ಲ, ಇನ್ನು ಲೋಕ ನಂಬೀತೇ?

“ನಾನೇ ಬರದೀನವ್ವಾ,” ಎಂದರು.

ಪೂನಂ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. “ಖರೇನಾ ಸರ್? ಆ ಊರಾಗ ಏಳು ಬಾವಿ ಅವ ಅಂತ ಎಲ್ಲರೂ ಇದನ್ನೇ ನೋಡಿ ಬರೀತಾರ್ರಿ! ತಡೀರಿ, ನಿಮ್ಮ ಹೆಸರು ಹಾಕ್ಕೋತೀನಿ.”

ಪೆನ್ನಿನ ತುದಿ ಕಾಗದಕ್ಕೆ ತಾಗಿದ್ದೇ ತಡ, ಮೂವತ್ತು ವರ್ಷದ ಹಿಂದೆ ಬಾವಿ ಹುಡುಕಿಕೊಂಡು ಆ ಊರೆಲ್ಲ ಅಲೆದ ದಿನ ಮಾಸ್ತರರಿಗೆ ನೆನಪಾಯಿತು. ಕಾಗೆಗಳೂ ಹಾರಲಾರದೆ ನಡೆದುಕೊಂಡು ಹೋಗುತ್ತಿದ್ದ ಬಿಸಿಲು ಅದು.

“ಹೆಸರು ಪೂರಾ ಬರಿ,” ಎಂದರು. “ಅದರ ಕೆಳಗ ಇನ್ನೊಂದು ಸಾಲು ಹಾಕು. ಐದು ಬಾವಿ ನಾ ಕಣ್ಣಾರೆ ನೋಡೀನಿ. ಉಳಿದ ಎರಡು, ಸುಸ್ತಾಗಿ ಬೇವಿನ ಗಿಡದ ನೆರಳಾಗ ಕುಂತು ಬರದೀನಿ.”