ಅಕ್ಕ ಪಾಠ ಹೇಳಿದ ಮಧ್ಯಾಹ್ನ

ಗ್ರಂಧಿಗೆ ಅಂಗಡಿಯಲ್ಲಿ ಜ್ಯೇಷ್ಠಮಧುವಿನ ವಾಸನೆ ಬಂದರೆ ಈಗಲೂ ನನಗೆ ಚಂದ್ರಾ ಲೇಔಟಿನ ನಮ್ಮ ನಡುಮನೆ ನೆನಪಾಗುತ್ತದೆ.

ನಾವು ಮೂವರೂ ಶಾಲೆಗೆ ಹೋದವರಲ್ಲ. ಅಮ್ಮನೇ ಒಂದೇ ಚಾಪೆಯ ಮೇಲೆ ಕೂರಿಸಿಕೊಂಡು ಅಕ್ಕನಿಗೆ ಹಳಗನ್ನಡ ಮತ್ತು ತರ್ಕ, ನನಗೆ ಸಂಸ್ಕೃತದ ಶಬ್ದರೂಪ, ತಮ್ಮನಿಗೆ ಅಕ್ಷರ ಕಲಿಸುತ್ತಿದ್ದಳು. ದೊಡ್ಡವರ ಪಾಠ ಚಿಕ್ಕವರ ಕಿವಿಗೂ ಬೀಳಲಿ ಅನ್ನುವುದು ಅವಳ ಪದ್ಧತಿ.

ಆ ವರ್ಷ ಅಮ್ಮನ ದನಿ ಒಡೆಯುತ್ತ ಬಂತು. ಜ್ಯೇಷ್ಠಮಧು ಅಗಿದು ಅಗಿದು ನಾಲಿಗೆ ಹಳದಿಯಾಯಿತೇ ಹೊರತು ಗಂಟಲು ಸರಿಹೋಗಲಿಲ್ಲ. ಕೊನೆಗೆ ಡಾಕ್ಟರು ಗಂಟಲಿನ ಆಪರೇಷನ್ ಆಗಲೇಬೇಕು ಅಂದರು. ಅದರ ಹಿಂದಿನ ದಿನ ಮಧ್ಯಾಹ್ನ ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಈಗಲಾದ್ರೂ ಮಕ್ಕಳನ್ನ ಸ್ಕೂಲಿಗೆ ಸೇರಿಸೇ. ನಾಳೆಯಿಂದ ಯಾರು ಹೇಳ್ಕೊಡ್ತಾರೆ?" ಅಂದಳು.

ಅಮ್ಮ ಹದಿಮೂರರ ಅಕ್ಕನನ್ನು ತನ್ನ ಜಾಗದಲ್ಲಿ ಕೂರಿಸಿ, ತಾನು ತಮ್ಮನ ಪಕ್ಕ ಬಂದು ಕೂತಳು.

"ಇವತ್ತು ನೀನು ಹೇಳ್ಕೊಡು. ನಾನೂ ಕೇಳ್ತೀನಿ," ಅಂದಳು. ಬರೀ ಗಾಳಿಯಂಥ ದನಿ.

ಅಕ್ಕ ನನ್ನ ಶಬ್ದರೂಪದಿಂದ ಶುರುಮಾಡಿದಳು. "ಫಲಂ, ಫಲೇ, ಫಲಾನಿ." ನಾನು ಎರಡನೆಯದನ್ನು ತಪ್ಪು ಹೇಳಿದೆ. ಅಕ್ಕ ಅಮ್ಮನ ಮುಖ ನೋಡಿದಳು.

"ನನ್ನ ನೋಡಬೇಡ ಕಣೇ. ಅವನನ್ನ ನೋಡು," ಅಂದಳು ಅಮ್ಮ.

ಅಕ್ಕ ನನ್ನ ಕಡೆ ತಿರುಗಿ ನಿಧಾನವಾಗಿ ತಿದ್ದಿದಳು.

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳು, ಆದರೆ ಅವಳ ದನಿ ಬರಲಿಲ್ಲ. ಅಕ್ಕನೇ ಪಾಠ ಮುಂದುವರಿಸಿದಳು. ಅಜ್ಜಿ ಮತ್ತೆ ಸ್ಕೂಲಿನ ಮಾತೆತ್ತಲಿಲ್ಲ. ತಮ್ಮ ಮೊದಲ ಸಲ ತಾನಾಗಿ ಒಂದು ಸಾಲು ಓದಿದಾಗ ಅಮ್ಮ ಅವನ ಗಂಟಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಅವನು ಓದಿ ಮುಗಿಸಿದ ಮೇಲೂ ಕೈ ತೆಗೆಯಲಿಲ್ಲ.