ಮಗಳ ಸಹಿ

ಮಗಳಿಗೆ ಹೊಡೆತ ಬಿದ್ದರೆ ಅದರ ಬಾಸುಂಡೆ ತಾಯಿಯ ಮೈಮೇಲೂ ಏಳುವ ಕಾಲವದು. ಹಾಗಾಗಿ ಉಚಿತ ಕಾನೂನು ನೆರವಿನ ಕಚೇರಿಯ ಬೆಂಚಿನ ಮೇಲೆ ಯಾವಾಗಲೂ ತಾಯಂದಿರೇ ಕುಳಿತಿರುತ್ತಿದ್ದರು. ಬಾಳವ್ವ ಅಲ್ಲಿಗೆ ಬಂದದ್ದು ಇದು ನಾಲ್ಕನೆಯ ಸಲ.

ಕಚೇರಿಯ ಶಕುಂತಲಾಬಾಯಿ ಟೇಪು ಹಿಡಿದು ಮುದುಕಿಯ ತೋಳಿನ ಬಾಸುಂಡೆಗಳನ್ನು ಅಳೆದು ಬರೆದುಕೊಂಡಳು. "ಕುತ್ತಿಗಿ ಮ್ಯಾಲಿಂದು ಹೊಸಾದೇನವ್ವಾ?"

"ಮುಂಜಾನಿ ಪೂಜಿಗೆ ಕುಂತಾಗ ಎದ್ದೈತ್ರಿ. ಐದೂ ಬೆರಳು ಮೂಡ್ಯಾವು. ವಕೀಲರನ್ನ ಇವತ್ತರ ಕಳಸ್ರಿ ಬಾಯಾರ, ನಮ್ಮ ದಾಕ್ಷಾಯಣಿನ ಕರಕೊಂಡು ಬರ್ಲಿ."

"ಮಗಳ ಸಹಿ ಆಗೂತನಕ ವಕೀಲರು ಹೊರಡಂಗಿಲ್ಲ."

"ಅಳಿಯ ಬಾಗಲಾ ದಾಟಾಕ ಬಿಟ್ರಲ್ಲ ಆಕಿ ಸಹಿ ಮಾಡಾಕಿ! ನನ್ನ ಕುತ್ತಿಗೀನ ಆಕಿ ಸಹಿ ಅಂತ ತಿಳಕೋರಿ."

"ಛಲೋ ಹೇಳಿದಿ," ಎಂದು ಬೆಂಚಿನ ಮೇಲಿದ್ದ ಒಬ್ಬಾಕೆ ನಕ್ಕಳು.

ಅಷ್ಟರಲ್ಲಿ ಬಾಳವ್ವನ ಮೈಯುರಿ ತಟ್ಟನೆ ಇಳಿಯಿತು. ಸೆರಗು ಸರಿಸಿ ನೋಡಿಕೊಂಡಳು. ಮಾಸಲು ಎಂಟು ದಿನ ಹಿಡಿಯುವ ಬಾಸುಂಡೆಗಳಲ್ಲಿ ಒಂದೂ ಉಳಿದಿರಲಿಲ್ಲ. ತೋಳು ಎಣ್ಣೆ ಹಚ್ಚಿ ಎರೆದ ಕೂಸಿನ ತೋಳಿನಂತೆ ನುಣ್ಣಗಿತ್ತು.

"ಶಿವ ಕಣ್ಣು ತೆರೆದ!" ಎಂದು ಆಕೆ ಎರಡೂ ಕೈ ಜೋಡಿಸಿದಳು. "ನೋಡ್ರಿ, ಎಲ್ಲಾ ಹೋದುವು. ಅಂವ ಆಕಿನ್ನ ಬಿಟ್ಟ."

ಬಾಸುಂಡೆಗಳು ಹೀಗೆ ಒಮ್ಮೆಲೇ ಹೋಗುವುದನ್ನು ಅಲ್ಲಿದ್ದವರೆಲ್ಲ ಮೊದಲೂ ಕಂಡಿದ್ದರು. ಬೆಂಚಿನ ತಾಯಂದಿರು ಒಬ್ಬೊಬ್ಬರಾಗಿ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡರು.

ಶಕುಂತಲಾಬಾಯಿ ಮುಂದಿದ್ದ ಅರ್ಜಿಯನ್ನು ಮಡಿಸಿಟ್ಟು, ಕೆಳಗಿನ ಖಾನೆಯಿಂದ ಬೇರೊಂದನ್ನು ತೆಗೆದಳು.

"ಕುಂದ್ರವ್ವಾ," ಎಂದಳು ಮೆಲ್ಲಗೆ. "ವಕೀಲರು ಈಗ ಹೊರಡ್ತಾರ. ಇದಕ್ಕ ಮಗಳ ಸಹಿ ಬೇಕಾಗಂಗಿಲ್ಲ."