ಹೊಳೆಯಲ್ಲಿ ಸಿಕ್ಕ ಚೈನು

“ಅಸಲಿಯೋ ನಕಲಿಯೋ, ಅಷ್ಟ ಹೇಳ್ರಿ. ಮುಂದಿಂದು ನಾವು ನೋಡ್ಕೋತೀವಿ,” ಎಂದು ಹವಾಲ್ದಾರ ಪ್ಲಾಸ್ಟಿಕ್ ಚೀಲವನ್ನು ಗಾಜಿನ ಕೌಂಟರಿನ ಮೇಲಿಟ್ಟ. ಒಳಗೆ ವಾಚಿನ ಉಕ್ಕಿನ ಚೈನಿತ್ತು. ಕೊಂಡಿಗಳ ಸಂದಿಯಲ್ಲಿ ಕೃಷ್ಣಾ ಹೊಳೆಯ ರಾಡಿ ಒಣಗಿತ್ತು.

ವಾಚು ರಿಪೇರಿಯ ಶ್ರೇಣಿಕ ಎಡಗೈ ಚಾಚಿದ.

“ಒಳ್ಳೆ ಮಾತ ಬರಬೇಕಂದ್ರ ಬಲಗೈ ಚಾಚ್ರಿ ಸಾವಕಾರ್ರ,” ಎಂದ ಹವಾಲ್ದಾರ.

“ಹುಟ್ಟಾ ಎಡಚ ಅದಾನ್ರಿ ಅವ. ಅವನ ಕಸಬೆಲ್ಲಾ ಎಡಗೈಯಾಗ ಐತಿ,” ಎಂದ ಲಖನ. ಅತ್ತಿಗೆಯ ಮುಖ ಕಂಡು ನಗುವನ್ನು ಅರ್ಧಕ್ಕೇ ನಿಲ್ಲಿಸಿದ.

ಅತ್ತಿಗೆ ಲಕ್ಷ್ಮಿಬಾಯಿ ಸ್ಟೂಲಿನ ತುದಿಗೆ ಕುಳಿತು ಕೊರಳ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅವಳ ಗಂಡ, ಲಖನನ ಅಣ್ಣ ಬಾಪುಸಾಹೇಬ ವಾರದ ಹಿಂದೆ ಪಂಪಿನ ಮೋಟರಿಗೆ ಸಾಮಾನು ತರುತ್ತೇನೆಂದು ಮಿರಜಕ್ಕೆ ಹೊರಟವನು ಮನೆಗೆ ಮರಳಿರಲಿಲ್ಲ. ನಿನ್ನೆ ದಿಗ್ಗೇವಾಡಿಯ ಹತ್ತಿರ, ಹೊಳೆದಂಡೆಯ ಪೈಪಿಗೆ ತಡೆದು ಒಂದು ಹೆಣ ನಿಂತಿತ್ತು. ನೀರು, ಮೀನು, ಮೊಸಳೆ ಸೇರಿ ಗುರುತೆಂಬುದನ್ನು ಉಳಿಸಿರಲಿಲ್ಲ. ವಾಚು ಕಳಚಿ ಹೊಳೆಯ ಪಾಲಾಗಿತ್ತು. ಊರ ಗಂಡಸರೆಲ್ಲ ತೊಡುವಂಥ ಬಿಳಿ ಅಂಗಿಯ ತೋಳಿನ ಮಡಿಕೆಯಲ್ಲಿ ಈ ಚೈನು ಮಾತ್ರ ಸಿಕ್ಕಿಕೊಂಡಿತ್ತು.

ಬಾಪುಸಾಹೇಬನದು ಅವನಪ್ಪ ಮುಂಬೈ ಬಂದರಿನಲ್ಲಿ ದುಡಿಯುವಾಗ ಕೊಂಡ ಸ್ವಿಸ್ ವಾಚು. ಚೈನೂ ಅದರ ಜೊತೆಗೇ ಬಂದದ್ದು, ಊರಿಗೆಲ್ಲ ಗೊತ್ತು. ಅದೇ ನಮೂನೆಯ ನಕಲಿ ಚೈನುಗಳು ಈಗ ಬಸ್‌ಸ್ಟ್ಯಾಂಡ್ ಪಕ್ಕದ ಕೈಗಾಡಿಯಲ್ಲೂ ತೂಗಾಡುತ್ತವೆ. ಹಾಗಾಗಿ ಲೆಕ್ಕ ಸರಳವಿತ್ತು. ಅಸಲಿಯಾದರೆ ಹೆಣ ಬಾಪುಸಾಹೇಬನದು. ನಕಲಿಯಾದರೆ ಬೇರೆ ಯಾರದೋ. ಬೇವಾರಸಿ ಎಂದು ಸಂಜೆಯೊಳಗೆ ಮಣ್ಣು ಮಾಡುತ್ತಾರೆ.

ಹೇಳಬಲ್ಲವನು ಹಾರೂಗೇರಿಯಲ್ಲಿ ಶ್ರೇಣಿಕನೊಬ್ಬನೇ. ಕೊಲ್ಹಾಪುರ, ಪುಣೆಯ ಶೋಕಿಯವರು ಹಳೆಯ ವಾಚಿಗಿಂತ ಅದರ ಅಸಲಿ ಚೈನಿಗೇ ಹೆಚ್ಚು ಆಸೆಪಡುವ ಕಾಲ ಬಂದಮೇಲೆ ಅವನ ಕಣ್ಣು ಪಳಗಿತ್ತು. ಮೇಲಾಗಿ ಬಾಪುಸಾಹೇಬನ ವಾಚು ದೀಪಾವಳಿಯ ಹೊತ್ತಿಗೆ ಸರ್ವಿಸಿಗೆಂದು ಅವನ ಅಂಗಡಿಗೇ ಬಂದು ಹೋಗಿತ್ತು.

“ವಜ್ಜಾ ಐತ್ರಿ ಇದು,” ಎಂದ ಹವಾಲ್ದಾರ. “ಅಸಲಿನ ಇರಬೇಕು.”

ಲಕ್ಷ್ಮಿಬಾಯಿ ಸ್ಟೂಲಿನಿಂದ ಅರ್ಧ ಎದ್ದಳು.

“ಸುಮ್ಮನಿರ್ರಿ ಸಾಹೇಬ್ರ. ವಜ್ಜದ ಮ್ಯಾಲೆ ಹೇಳಾಕ ಇದೇನು ಕಬ್ಬಿನ ಗಾಡಿ ಏನ್ರಿ?” ಎಂದ ಶ್ರೇಣಿಕ. ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿದ. ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡು ಒಂದೇ ಒಂದನ್ನು ಬೇಡಿಕೊಂಡ.

ಮೊದಲು ತೂಕವೇ. ಆ ಕಾಲದ ಅಸಲಿ ಕೊಂಡಿ ತೆಳು ತಗಡು ಮಡಚಿ ಮಾಡಿದ್ದು. ಒಳಗೆ ಟೊಳ್ಳು; ಕೈಗೆ ಹಗುರ, ಅಲುಗಿಸಿದರೆ ಗಿಲಗಿಲ. ಇದು ಇಡೀ ಗಟ್ಟಿ. ಅಡ್ಡ ಹಿಡಿದ. ಐವತ್ತು ವರ್ಷ ಕೈಮೇಲಿದ್ದ ಚೈನು ನಡುವೆ ಜೋತುಬೀಳಬೇಕು. ಇದು ಕೋಲಿನಂತೆ ನೆಟ್ಟಗೆ ನಿಂತಿತು. ಕಿವಿಯ ಹಿಂದೆ ಬೆವರು ಇಳಿಯತೊಡಗಿತು. ಲಾಕು ಬಿಚ್ಚಿದ. ಅಚ್ಚು ಹೊಡೆದ ಅಕ್ಷರಕ್ಕೆ ಆಳವಿರುತ್ತದೆ; ಇಲ್ಲಿನವು ಮೇಲೆಮೇಲೆ ಸುಟ್ಟು ಬರೆದವು. ಉಗುರಿನಿಂದ ಅಂಚು ಸವರಿದ. ಒಳಮೈ ನುಣ್ಣಗೆ ಉಜ್ಜಿರಲಿಲ್ಲ. ಕೈಯ ಕೂದಲು ಹಿಡಿದು ಜಗ್ಗುವಂಥ ಅಂಚು.

ಅಷ್ಟು ಸಾಕಿತ್ತು. ಆದರೂ ಅವನು ಕೆಳಗಿಡಲಿಲ್ಲ. ಒದ್ದೆ ಬಟ್ಟೆಯಿಂದ ರಾಡಿ ಒರೆಸಿ, ದೀಪದಡಿ ಹೊರಳಿಸಿ ನೋಡಿದ. ಹಳೆಯದಾಗಿ ಕಾಣಲೆಂದು ಪಾಲಿಶ್ ಕಾಗದದಿಂದ ಎಳೆದ ಗೀರುಗಳು. ಎಲ್ಲವೂ ಒಂದೇ ಕಡೆಗೆ ವಾಲಿದ್ದವು; ಬಲಗೈಯಲ್ಲಿ ಉಜ್ಜಿದ್ದರೆ ಆಚೆ ಕಡೆಗೆ ವಾಲಬೇಕಿತ್ತು. ಅವನು ಮತ್ತೊಮ್ಮೆ ಒರೆಸಿದ. ಗೀರುಗಳು ಅಲ್ಲೇ ಇದ್ದವು.

“ಯಾಕೋ ಇಷ್ಟ ಬೆವರಾಕತ್ತಿ?” ಎಂದ ಲಖನ. “ನಮಗಿಂತ ನಿನಗ ಕಾಳಜಿ ಹೆಚ್ಚಾಗೇತಲ್ಲ.”

ಶ್ರೇಣಿಕ ಭೂತಕನ್ನಡಿ ತೆಗೆದ. “ನಕಲಿ ಐತ್ರಿ.”

“ಖಾತ್ರಿ ಏನೋ ತಮ್ಮಾ?” ಲಕ್ಷ್ಮಿಬಾಯಿ ಕೌಂಟರಿನತ್ತ ಬಾಗಿದಳು.

“ಖಾತ್ರಿ, ಅಕ್ಕಾರ. ಸುಳ್ಳ ಹೇಳಂಗಿಲ್ಲ. ಇದು ಸ್ವಿಸ್ ಅಲ್ಲ.”

ತಾಳಿ ಹಿಡಿದ ಮುಷ್ಟಿ ಸಡಿಲಾಯಿತು. ಅಂಗೈಯಲ್ಲಿ ಕರಿಮಣಿಗಳ ಅಚ್ಚು ಮೂಡಿತ್ತು. ಅವಳು ಅಳಲಿಲ್ಲ, ನೀರು ಕೇಳಿ, ತಂಬಿಗೆಯನ್ನೇ ಎತ್ತಿ ಗಟಗಟ ಕುಡಿದಳು. ಹವಾಲ್ದಾರ ಚೈನನ್ನು ಚೀಲಕ್ಕೆ ಹಾಕಿ ಠಾಣೆಗೆ ಫೋನು ಹಚ್ಚಿದ. “ಇವರ ಮನ್ಯಾಂವ ಅಲ್ರಿ ಸರ್. ಕುಣಿ ತೋಡಸ್ರಿ.”

ಲಖನ ಎದುರಿನ ಅಂಗಡಿಯಿಂದ ಪೇಢೆ ತಂದ. ಲಕ್ಷ್ಮಿಬಾಯಿ ಒಂದನ್ನು ತಾನೇ ಶ್ರೇಣಿಕನ ಕೈಯಲ್ಲಿಟ್ಟಳು, ಅವನ ಎಡಗೈಯಲ್ಲೇ.

“ಅವರು ಬಂದಮ್ಯಾಲ ನಾನ ಕರ್ಕೊಂಡು ಬರ್ತೀನೋ ತಮ್ಮಾ. ಅವರ ಚೈನ ಒಂದೀಟು ಸರಿಮಾಡಿ ಕೊಡು. ದೀಪಾವಳಿ ಆದಾಗಿಂದ ಕೈಕೂದಲ ಜಗ್ಗತೈತಿ ಅಂತ ಒಂದಸವನ ಬೈತಿದ್ದರು. ಮುಪ್ಪ ಬಂತು, ತೊಗಲ ಸಡ್ಲ ಆತು ಅಂತ ನಾ ನಗ್ತಿದ್ದೆ.”

ಶ್ರೇಣಿಕ ಪೇಢೆಯನ್ನು ಕೌಂಟರಿನ ಮೇಲಿಟ್ಟ. ಹೊರಗೆ ಜೀಪು ಶುರುವಾಗಿತ್ತು.

“ಆಗಲ್ರಿ,” ಎಂದ.

ಅವರು ಹೋದಮೇಲೆ ಶಟರ್ ಅರ್ಧ ಇಳಿಸಿ, ಕೆಳಗಿನ ಖಾನೆಯ ಕೀಲಿ ತೆಗೆದು ಎಳೆದ. ಕೊಲ್ಹಾಪುರದ ಗಿರಾಕಿಗೆಂದು ಹತ್ತಿಯಲ್ಲಿ ಸುತ್ತಿಟ್ಟಿದ್ದ ಬಾಪುಸಾಹೇಬನ ಅಸಲಿ ಚೈನು ಒಳಗೆ ಗಿಲಗಿಲ ಎಂದಿತು.